ಗಿಣಿ ತಂದ ಆಟ

ಒಳಗೆ ಬನ್ನಿ, ಒಳಗೆ ಬನ್ನಿ. ಇನ್ನೂ ಒಳಗೆ. ಏ ಮೊಲದ ಮರಿ, ನಿನ್ನ ಕಿವಿ ಪೊಟರೆ ಬಾಗಿಲಿಂದ ಆಚೆ ಕಾಣಿಸ್ತಿದೆ, ಎಳ್ಕೋ.

ಈಗ ಎಲ್ರೂ ಬಾಲ ಮುಟ್ಕೊಂಡು ಆಣೆ ಮಾಡಿ. ಜಾನಕ್ಕ ಹೇಳಿದ್ದು ಯಾರಿಗೂ ಹೇಳಲ್ಲ ಅಂತ. ಲಾವಕ್ಕಿ ಮರಿಗಳಾ, ನಿಮಗೆ ಬಾಲ ಅಂತ ಹೇಳ್ಕೊಳ್ಳೋಕೆ ಏನೂ ಇಲ್ಲ, ಕೊಕ್ಕು ಮುಟ್ಕೊಳ್ಳಿ, ಸಾಕು. ಅಮ್ಮನಿಗೂ ಹೇಳೋ ಹಾಗಿಲ್ಲ. ಕರಿಮೂತಿ ಮುಸುವ ಪುಟ್ಟರಂಗಪ್ಪನ ಕಿವಿಗಂತೂ ಬೀಳ್ಲೇಬಾರದು.

ನಾನೂ ಮೊನ್ನೆ ಹೀಗೇ ಆಣೆ ಮಾಡಿದೀನಿ, ಕಾಡುಕೋಳಿ ಚಿನ್ನಕ್ಕನ ಎದುರಿಗೆ. ಮೂರು ದಿನ ಹೊಟ್ಟೇಲಿ ಇಟ್ಕೊಂಡಿದ್ದೆ. ಇಡೀ ಕಾಡಲ್ಲಿ ಯಾರನ್ನ ಬೇಕಾದ್ರೂ ಕೇಳಿ, ಅಳಿಲು ಜಾನಕ್ಕ ಒಂದು ಮಾತನ್ನ ಅರ್ಧ ದಿನ ಇಟ್ಕೊಂಡಿದ್ದು ಉಂಟಾ ಅಂತ. ಆದ್ರೆ ಇವತ್ತು ಹೇಳದೆ ಆಗಲ್ಲ. ನಿಮ್ಮಮ್ಮಂದಿರೆಲ್ಲ ನಿಮ್ಮನ್ನ ನನ್ನ ಹತ್ರ ಬಿಟ್ಟು ಎಲ್ಲಿಗೆ ಹೋಗಿದಾರೆ? ಪುಟ್ಟರಂಗಪ್ಪನ ಆಟಕ್ಕೆ ಜಾಗ ಹಿಡಿಯೋಕೆ. ಸಂಜೆ ಬಂದು ನಿಮ್ಮನ್ನೂ ಕರ್ಕೊಂಡು ಹೋಗ್ತಾರೆ. ಅದೂ ಎಲ್ಲಿಗೆ? ಹುಲ್ಲುಬಯಲಿಗೆ. ಮೇಲೆ ಒಂದು ರೆಂಬೆ ಇಲ್ಲ, ಒಂದು ಪೊದೆ ಇಲ್ಲ. 

ಸರಿ, ಕೇಳಿ. ಕತೆ ಅಂದ ಮೇಲೆ ಒಂದು ಕಾಡು ಇರ್ಬೇಕು, ಒಂದು ಕೆರೆ ಇರ್ಬೇಕು. ನಮಗೆ ಎರಡೂ ಇವೆ, ಹುಡುಕ್ಕೊಂಡು ಹೋಗೋದೇ ಬೇಡ. ಈ ಹುಣಸೆ ಮರದ ಆ ಕಡೆ ಮೇಲುಕಾಡು. ಈ ಕಡೆ ಇಳಿದ್ರೆ ಹುಲ್ಲುಬಯಲು, ಅದು ಮುಗಿದ ಮೇಲೆ ಕೆಳಗಿನ ಕೆರೆ. ತುದಿ ರೆಂಬೆ ಮೇಲೆ ಕೂತ್ರೆ ನನಗೆ ಎರಡೂ ಕಡೆ ಸಂಸಾರ ಕಾಣುತ್ತೆ. ಬೇಡ ಅಂದ್ರೂ ಕಾಣುತ್ತೆ.

ಆ ಕೆರೆ ದಂಡೇಲಿ ಒಂದು ಚಪ್ಪಟೆ ಬಂಡೆ ಇದೆ. ಮೊಟ್ಟೆ ಒಡೆದು ಮರಿ ಓಡಾಡೋ ಕಾಲ ಬಂತು ಅಂದ್ರೆ ಅದರ ಮೇಲೆ ಆಟ. ಹೆಸರು 'ನೆರಳು'. ಆಡೋರು ಇಬ್ರೇ. ತಾಯಿ ಪಾರ್ಟು ಆಮೆ ತಿಮ್ಮಜ್ಜೀದು, ಹದ್ದಿನ ಪಾರ್ಟು ಕೊಕ್ಕರೇದು. ಕಪ್ಪೆಗಳಿಗೂ ಒಂದ್ಸಲ ಪಾರ್ಟು ಕೊಟ್ಟಿದ್ರಂತೆ. ಎಲ್ಲಾ ಸೇರ್ಕೊಂಡು ಎಲ್ಲರ ಮಾತೂ ಒಟ್ಟಿಗೆ ಹೇಳಿದ್ವಂತೆ. ಅವತ್ತಿಗೇ ನಿಲ್ಲಿಸಿದ್ರು.

ಕತೆ ಇಷ್ಟೇ. ಬಂಡೆಯ ಈ ತುದೀಲಿ ತಾಯಿ, ಆ ತುದೀಲಿ ಅವಳ ಮರಿ ಇದೆ ಅಂತ ನಾವೇ ಅಂದ್ಕೋಬೇಕು. ಮಧ್ಯದಲ್ಲಿ ಬಟ್ಟಬಯಲು. ತಾಯಿ "ಬಂದೆ ಮಗಾ, ಅಲ್ಲೇ ಇರು" ಅಂತ ಹೊರಡ್ತಾಳೆ. ಒಂದೊಂದು ಹೆಜ್ಜೆ. ತಿಮ್ಮಜ್ಜಿ ನಡಿಗೆ ನಿಮಗೆ ಗೊತ್ತಲ್ಲ. ಎದ್ದು ಹೋಗಿ ಅವಳನ್ನ ಹಿಂದಿಂದ ತಳ್ಳೋಣ ಅನ್ಸುತ್ತೆ, ಅಷ್ಟು ನಿಧಾನ. ಅವಳು ಸರಿಯಾಗಿ ನಡುಬಂಡೆಗೆ ಬರೋ ಹೊತ್ತಿಗೆ ಪಡುವಣ ಒಣಮರದ ಮೇಲೆ ಕೊಕ್ಕರೆ ಎದ್ದು ನಿಂತು ರೆಕ್ಕೆ ಬಿಚ್ಚುತ್ತೆ. ಅದರ ಬೆನ್ನ ಹಿಂದೆ ಇಳಿಬಿಸಿಲು. ರೆಕ್ಕೆ ನೆರಳು ಬಂಡೆ ಮೇಲೆ ಜಾರ್ಕೊಂಡು ಬರುತ್ತೆ, ಅಜ್ಜಿ ಮೇಲೆ ಬೀಳುತ್ತೆ, ಆಮೇಲೆ ಕೂತು ನೋಡೋ ನಮ್ಮ ಮೇಲೂ ಬೀಳುತ್ತೆ.

ಅಜ್ಜಿ ನಿಂತುಬಿಡ್ತಾಳೆ. ಎತ್ತಿದ ಕಾಲು ಎತ್ತಿದ ಹಾಗೇ.

ಮಾತಿಲ್ಲ. ಹಾಡಿಲ್ಲ. ಏನೂ ಇಲ್ಲ. ನಿಂತಿರ್ತಾಳೆ. ಇನ್ನೂ ನಿಂತಿರ್ತಾಳೆ. ಆ ಎತ್ತಿದ ಕಾಲು ಒಂಚೂರು ನಡುಗುತ್ತೆ, ಅಷ್ಟೇ. ಮರಿಗಳೆಲ್ಲ ನೆಲಕ್ಕೆ ಅಂಟ್ಕೊಂಡುಬಿಡ್ತಾವೆ. ನಿದ್ದೇಲೂ ವಟಗುಟ್ಟೋ ನಾನು ಬಾಲ ಬಾಯಿಗೆ ತುರುಕ್ಕೊಂಡು ಕೂತಿರ್ತೀನಿ. ಆಮೇಲೆ ಯಾವಾಗಲೋ ನೆರಳು ಜಾರಿ ಹೋಗುತ್ತೆ. ಅಜ್ಜಿ ಕಾಲು ಕೆಳಗಿಟ್ಟು ಹೇಳ್ತಾಳೆ, "ಈಗ ಉಸಿರು ಬಿಡಿ."

ಅಲ್ಲಿಗೆ ಆಟ ಮುಗೀತು. ಅಷ್ಟು ಹೊತ್ತು ಉಸಿರು ಹಿಡಿದಿದ್ವಿ ಅಂತ ನಮಗೆ ಗೊತ್ತಾಗೋದೇ ಆಗ.

ಒಂದ್ಸಲ ನಾನು ಕೇಳಿಯೂ ಕೇಳ್ದೆ. "ಅಜ್ಜಿ, ಅಷ್ಟು ಹೊತ್ತು ಸುಮ್ನೆ ನಿಂತು ಏನು ಯೋಚ್ನೆ ಮಾಡ್ತೀಯಾ?"

"ನಾವು ಹನ್ನೆರಡು ಜನ ಮರಳಿಂದ ಎದ್ದು ನೀರಿಗೆ ಹೊರಟಿದ್ವಿ, ಜಾನಿ. ನೆರಳು ಬಿತ್ತು. ಹನ್ನೊಂದು ಜನ ಓಡಿದ್ರು. ನನ್ನ ಕಾಲು ಮರಗಟ್ಟಿ ನಾನು ನಿಂತೋದೆ. ಒಬ್ಬೊಬ್ಬರದೇ ಮುಖ ನೆನೆಸ್ಕೊಳ್ತೀನಿ. ಹನ್ನೊಂದು ಮುಖ ಮುಗಿದ ಮೇಲೆ ಕಾಲು ಕೆಳಗಿಡ್ತೀನಿ."

ಅದಕ್ಕೇ ಅಷ್ಟು ಹೊತ್ತು ಹಿಡಿಯೋದು. ಆ ಕೆರೆ ಸುತ್ತ ಮೂರು ವರ್ಷದಿಂದ ಒಂದು ಮರೀನೂ ಹದ್ದಿನ ಪಾಲಾಗಿಲ್ಲ. ನೆರಳು ಬಿತ್ತು ಅಂದ್ರೆ ಯಾರೂ ಹೇಳೋದು ಬೇಡ, ಇದ್ದಲ್ಲೇ ಕಲ್ಲು.

ಈಗ ಚಿನ್ನಕ್ಕನ ವಿಷಯಕ್ಕೆ ಬರ್ತೀನಿ. ಹೋದ ವರ್ಷ ಅವಳಿಗೆ ಐದು ಮರಿ. ನೆರಳು ಬಿದ್ದಾಗೆಲ್ಲ ದಿಕ್ಕಿಗೊಂದು ಓಡೋವು. ಮೂರನ್ನ ಹದ್ದು ಹೊತ್ಕೊಂಡು ಹೋಯ್ತು. ಈ ವರ್ಷ ನಾಲ್ಕು ಮರಿ. ಅವಳಿಗೆ ಮೇವು ಬೇಡ, ನಿದ್ದೆ ಬೇಡ. ಎಲೆ ಉದುರಿದ್ರೂ ಬೆಚ್ಚಿಬೀಳೋಳು. ಅದರಲ್ಲೂ ಕೊನೇದು ಚುಕ್ಕಿ ಅಂತ ಒಂದಿದೆ ನೋಡಿ, ಅದು ಒಂದು ಕಡೆ ನಿಂತಿದ್ದನ್ನ ನಾನು ಕಂಡೇ ಇಲ್ಲ.

ಒಂದು ಬೆಳಿಗ್ಗೆ ಇಲ್ಲೇ ಬುಡದಲ್ಲಿ ಬಂದು ನಿಂತ್ಲು.

"ಜಾನಕ್ಕ, ಆ ಕೆರೆಯೋರ ಮರಿಗಳು ಅದು ಹೆಂಗೆ ಉಳ್ಕೊಳ್ತಾವೆ? ಏನು ತಿನ್ನಿಸ್ತಾರೆ?"

ನಾನು 'ನೆರಳು' ಆಟದ ಸಂಗತಿ ಪೂರ್ತಿ ಹೇಳ್ದೆ. ಕಾಲು ಎತ್ತಿ ನಿಂತೂ ತೋರಿಸ್ದೆ.

"ಹಂಗಾದ್ರೆ ನನ್ನ ಮಕ್ಕಳಿಗೂ ತೋರಿಸ್ಬೇಕು," ಅಂದ್ಲು. ಆಮೇಲೆ ಬಯಲ ಕಡೆ ನೋಡಿ ಬಾಡಿಹೋದ್ಲು. "ಹುಟ್ಟಿ ಎಂಟು ದಿನದ ಮರಿಗಳು. ಈ ಬಯಲು ದಾಟಿಸ್ಕೊಂಡು ಹೆಂಗೆ ಕರ್ಕೊಂಡು ಹೋಗ್ಲಿ? ಬಯಲಲ್ಲಿ ನಿಲ್ಲೋದು ಕಲೀಬೇಕು ಅಂದ್ರೆ ಮೊದಲು ಬಯಲು ದಾಟ್ಬೇಕಲ್ಲ, ಜಾನಕ್ಕ."

"ಪುಟ್ಟರಂಗಪ್ಪನ್ನ ಕೇಳು, ಆಟಗೀಟ ಅಂದ್ರೆ ಅವನಿಗೆ ಹುಚ್ಚು," ಅಂತ ದಾರಿ ತೋರಿಸಿದೋಳೂ ನಾನೇ. ಈ ನಾಲಿಗೆ ಇದೆಯಲ್ಲ.

ಪುಟ್ಟರಂಗಪ್ಪ ಕೆಟ್ಟೋನಲ್ಲ ಮಕ್ಕಳೇ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಚಿರತೆ ಬಂದ್ರೆ ಮರದ ತುದಿಯಿಂದ ಕೂಗಿ ಇಡೀ ಕಾಡನ್ನ ಎಬ್ಬಿಸೋನು ಅವನೇ. ಆದ್ರೆ ಹದ್ದು ಅಂದ್ರೆ ಅವನಿಗೆ ಲೆಕ್ಕಕ್ಕೇ ಇಲ್ಲ. ಅವನ ಮೈ ನೋಡಿ, ಬಾಲ ನೋಡಿ. ಯಾವ ಹದ್ದು ಅವನ ಹತ್ರ ಬರುತ್ತೆ? ಹುಟ್ಟಿದಾಗಿಂದ ಅವನು ನೆರಳಿಗೆ ಹೆದರಿದೋನೇ ಅಲ್ಲ.

ಅವನು ಚಿನ್ನಕ್ಕನ ಮಾತು ಕೇಳಿ ಎದೆ ಉಬ್ಬಿಸ್ಕೊಂಡ. "ಮಾಡೋಣ ತಾಯಿ! ಕೆರೆಯೋರು ಇಬ್ರು ಸೇರ್ಕೊಂಡು ಮಾಡಿರೋದನ್ನ ನಾವು ಇಡೀ ಕಾಡು ಸೇರಿ ಮಾಡೋಣ."

"ತಿಮ್ಮಜ್ಜೀನೇ ಕರೆಸೋಕಾಗಲ್ವಾ ರಂಗಪ್ಪಣ್ಣ?"

"ಅವಳು ಅಲ್ಲಿಂದ ಹೊರಟು ಇಲ್ಲಿಗೆ ಬಂದು ಮುಟ್ಟೋ ಹೊತ್ತಿಗೆ ನಿನ್ನ ಚುಕ್ಕಿಗೆ ಮೊಮ್ಮಕ್ಕಳಾಗಿರ್ತಾವೆ. ಬೇಡ. ಗಿಣಿ ಶಾಮಣ್ಣನ್ನ ಕಳಿಸ್ತೀನಿ. ಒಂದ್ಸಲ ಕೇಳಿದ್ರೆ ಸಾಕು, ಒಂದು ಅಕ್ಷರ ಬಿಡದೆ ತರ್ತಾನೆ."

ಅದು ಸುಳ್ಳಲ್ಲ. ಮೇಲುಕಾಡಲ್ಲಿ ಮೊದಲಿಂದಲೂ ಅದೇ ಪದ್ಧತಿ. ಬೇರೆ ಕಡೆ ಏನಾದ್ರೂ ಚೆಂದದ್ದು ಇದ್ರೆ ಗಿಣಿ ಹೋಗಿ ಕೇಳ್ಕೊಂಡು ಬರ್ಬೇಕು, ಮಿಕ್ಕೋರು ಗಿಣಿ ಹತ್ರ ಕಲೀಬೇಕು. ತಾವೇ ಹೋಗಿ ನೋಡೋದು ಅಂದ್ರೆ ಅವರಿಗೆ ಮರ್ಯಾದೆಗೆ ಕಮ್ಮಿ.

ಶಾಮಣ್ಣ ಹೋದ, ಕೆರೆ ಪಕ್ಕದ ಅತ್ತಿ ಮರದಲ್ಲಿ ಕೂತ್ಕೊಂಡ, ಆಟ ಕೇಳ್ದ, ಮಾರನೇ ದಿನ ಬಂದ. ಅವನು ಒಪ್ಪಿಸುವಾಗ ನಾನು ಮೇಲಿನ ರೆಂಬೇಲಿ ಇದ್ದೆ. ಕದ್ದು ಕೇಳಿದ್ದಲ್ಲ, ಆ ರೆಂಬೇಲಿ ನನಗೆ ಕೆಲಸ ಇತ್ತು.

ಶಾಮಣ್ಣ ತಿಮ್ಮಜ್ಜಿ ಧ್ವನೀಲೇ ಶುರುಮಾಡ್ದ. "'ಬಂದೆ ಮಗಾ, ಅಲ್ಲೇ ಇರು.' ಇದು ಮೊದಲ ಮಾತು. ಆಮೇಲೆ, 'ಹಸಿವಾಯ್ತಾ ಕಂದಾ, ಇನ್ನು ಹತ್ತೇ ಹೆಜ್ಜೆ.' ಆಮೇಲೆ, 'ಈಗ ಉಸಿರು ಬಿಡಿ.' ಮುಗೀತು."

ಪುಟ್ಟರಂಗಪ್ಪ ತಲೆ ಕೆರ್ಕೊಂಡ. "ಹತ್ತು ಹೆಜ್ಜೆಗೂ ಉಸಿರಿಗೂ ನಡುವೆ ಏನಾಯ್ತು?"

"ಏನೂ ಆಗಲಿಲ್ಲ."

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ ಇಲ್ಲಪ್ಪ. ಅಜ್ಜಿ ನಿಂತಿದ್ಲು. ಯಾರೂ ಮಾತಾಡಲಿಲ್ಲ. ಮಾತಿಲ್ಲದ ಮೇಲೆ ನಾನು ಏನು ಕಲೀಲಿ? ಒಳ್ಳೆ ಅತ್ತಿಹಣ್ಣು ಇತ್ತು, ಅದು ಮುಗಿಸೋವರೆಗೂ ನಿಂತೇ ಇದ್ಲು. ನನಗನ್ಸುತ್ತೆ, ಮುದುಕಿಗೆ ಮಾತು ಮರೆತುಹೋಗಿತ್ತು."

ಪುಟ್ಟರಂಗಪ್ಪ ಹೊಟ್ಟೆ ಹಿಡ್ಕೊಂಡು ನಕ್ಕ. "ಪಾಪ, ವಯಸ್ಸಾಯ್ತು. ಆ ಖಾಲಿ ಜಾಗ ನನಗೆ ಬಿಡು. ಅಲ್ಲಿ ನವಿಲಿನ ಕುಣಿತ ಹಾಕ್ತೀನಿ."

ಚಿನ್ನಕ್ಕ ಮೆಲ್ಲಗೆ ಅಂದ್ಲು, "ರಂಗಪ್ಪಣ್ಣ, ಜಾನಕ್ಕ ಹೇಳಿದ್ದು ನೋಡಿದ್ರೆ ಆ ನಿಲ್ಲೋದೇ ಮುಖ್ಯ ಅಂತ ಕಾಣುತ್ತೆ."

"ಚಿನ್ನಕ್ಕ, ನಿನ್ನ ಮಕ್ಕಳು ಸುಮ್ನೆ ನಿಂತಿರೋ ಮುದುಕೀನ ಎಷ್ಟು ಹೊತ್ತು ನೋಡ್ತಾವೆ? ಚುಕ್ಕಿ ನೋಡುತ್ತಾ, ಹೇಳು?"

ಅವಳು ತಿರುಗಿ ನೋಡಿದ್ಲು. ಚುಕ್ಕಿ ಆಗಲೇ ಅವನ ಬಾಲ ಹಿಡ್ಕೊಂಡು ಜೋತಾಡ್ತಿತ್ತು.

ನಾನು ನೆಟ್ಟಗೆ ಕೆರೆಗೆ ಓಡ್ದೆ. ಇಂಥ ಸುದ್ದಿ ಸಿಕ್ಕಿದ ಮೇಲೆ ಕಾಲು ನಿಲ್ಲುತ್ತಾ? ತಿಮ್ಮಜ್ಜಿ ಕೆಸರಲ್ಲಿ ಕೂತಿದ್ಲು.

"ಅಜ್ಜಿ, ನಿನ್ನ ಆಟಾನ ಮೇಲುಕಾಡೋರು ಆಡ್ತಾರಂತೆ! ಹೊಸದಾಗಿ, ದೊಡ್ಡದಾಗಿ!"

ಅಜ್ಜಿಗೆ ಸಿಟ್ಟು ಬರುತ್ತೆ, ಒಂದು ಒಳ್ಳೆ ಜಗಳ ನೋಡ್ಬಹುದು ಅಂತ ನನ್ನ ಆಸೆ. ಅವಳು ಸಿಟ್ಟೇ ಮಾಡ್ಕೊಳ್ಳಲಿಲ್ಲ.

"ಆಡ್ಲಿ, ಒಳ್ಳೇದೇ ಅಲ್ವಾ. ಯಾರು ಬಂದು ನೋಡ್ಕೊಂಡು ಹೋದ್ರು?"

"ಗಿಣಿ ಶಾಮಣ್ಣ."

ಅವಳ ಮುಖ ಸಣ್ಣದಾಯ್ತು. "ಗಿಣಿಯಾ? ಅವನು ನೆರಳು ಬಿದ್ದಾಗ ಅತ್ತಿಹಣ್ಣು ತಿನ್ತಿದ್ದ. ನಾನು ನೋಡ್ದೆ." ಆಮೇಲೆ ಕೇಳಿದ್ಲು, "ನೋಡೋರಲ್ಲಿ ಮರಿಗಳು ಇದಾವಾ?"

"ಚಿನ್ನಕ್ಕನ ನಾಲ್ಕು."

ಅಜ್ಜಿ ಕೆಸರಿಂದ ಎದ್ಲು, ಹುಲ್ಲುಬಯಲ ಕಡೆ ಮುಖ ಮಾಡಿದ್ಲು, ನಡೆಯೋಕೆ ಶುರುಮಾಡಿದ್ಲು. ಆಟಕ್ಕೆ ಇನ್ನು ಐದೇ ದಿನ. "ಅಜ್ಜಿ, ನಿನ್ನ ಕೈಲಿ ಆಗಲ್ಲ," ಅಂದೆ. ಕೇಳಿಸ್ಕೊಂಡ ಹಾಗೇ ಕಾಣಲಿಲ್ಲ.

ಐದನೇ ದಿನ ಸಂಜೆ ದೊಡ್ಡ ಆಲದ ಮರದ ಕೆಳಗೆ ಆಟ. ಏನು ಗದ್ದಲ, ಏನು ಅಲಂಕಾರ! ಮುತ್ತುಗದ ಹೂವಿನ ತೋರಣ. ಮಿಂಚುಹುಳಗಳ ಸಾಲು. ಇಪ್ಪತ್ತು ಮರಕುಟಿಗಗಳ ಮೇಳ. ತಾಯಿ ಪಾರ್ಟಿಗೆ ಒಂದು ಜಿಂಕೆ, ನೋಡೋಕೆ ಬಲು ಚೆಂದ. ಅದು "ಬಂದೆ ಮಗಾ" ಅಂದ ಮೂರನೇ ನೆಗೆತಕ್ಕೇ ನಡುವೆ ಬಂದು ನಿಂತಿತ್ತು. ನಾನು ಇನ್ನೂ ಸರಿಯಾಗಿ ಕೂತೂ ಇರಲಿಲ್ಲ.

ಆಲದ ಮರದ ಕೆಳಗೆ ಬಿಸಿಲೇ ಬೀಳಲ್ಲ, ನೆರಳೆಲ್ಲಿಂದ ಬರ್ಬೇಕು? ಅದಕ್ಕೆ ಪುಟ್ಟರಂಗಪ್ಪ ತಾನೇ ಹದ್ದಾದ. ತೋಳಿಗೆ ಬಾಳೆ ಎಲೆ ಕಟ್ಕೊಂಡು "ಹಾ... ಹಾ... ಹಾ!" ಅಂತ ಮೇಲಿಂದ ಹಾರ್ದ. ಬಿದ್ದ ರಭಸಕ್ಕೆ ಒಂದು ಎಲೆ ಹರಿದು ಮೂತಿಗೆ ಅಂಟ್ಕೊಳ್ತು. ನಗು ಅಂದ್ರೆ ನಗು! ಆಮೇಲೆ ಆ ಖಾಲಿ ಜಾಗಕ್ಕೆ ನವಿಲು ಬಂತು, ಮೇಳ ಎದ್ದಿತು, ಪುಟ್ಟರಂಗಪ್ಪ ಹಾಡು ಹೇಳ್ಕೊಟ್ಟ:

"ಬಂದ ಬಂದ ಹದ್ದಪ್ಪ,
ಎದ್ದು ಕುಣಿಯೋ ಮುದ್ದಪ್ಪ!"

ಮರಿಗಳೆಲ್ಲ ಎದ್ದು ರೆಕ್ಕೆ ಮೇಲೆತ್ತಿ ಕುಣಿದ್ವು. ಎಲ್ಲರಿಗಿಂತ ಮುಂದೆ ಚುಕ್ಕಿ. ಕೊನೇಲಿ ಜಿಂಕೆ ಮುಂದೆ ಬಂದು "ಈಗ ಉಸಿರು ಬಿಡಿ" ಅಂತು. ಕುಣಿದು ಕುಣಿದು ಎಲ್ರೂ ಏದುಸಿರು ಬಿಡ್ತಿದ್ರು. ಇನ್ನೇನು ಬಿಡೋದು? ಅದಕ್ಕೂ ಒಂದು ಸಲ ನಕ್ಕರು. ಶಾಮಣ್ಣ ನನ್ನ ಪಕ್ಕ ಕೂತು ಹೆಮ್ಮೆಯಿಂದ ಹೇಳ್ಕೊಂಡ, "ನೋಡಿದ್ಯಾ ಜಾನಕ್ಕ, ಒಂದು ಅಕ್ಷರ ತಪ್ಪಿಲ್ಲ."

ನಿಜ, ಒಂದು ಅಕ್ಷರ ತಪ್ಪಿರಲಿಲ್ಲ.

ಚಿನ್ನಕ್ಕ ಜನದ ಮಧ್ಯದಿಂದ ನನ್ನನ್ನೇ ನೋಡಿದ್ಲು. "ಹಿಂಗೇನಾ ಜಾನಕ್ಕ ಅಲ್ಲೂ?" ಅಂತ ಕಣ್ಣಲ್ಲೇ ಕೇಳಿದ್ಲು. ಎಲ್ರೂ ಕೈ ತಟ್ತಿದ್ರು. ಪುಟ್ಟರಂಗಪ್ಪ ನನಗೆ ಮುಂದಿನ ಸಾಲಲ್ಲಿ ಜಾಗ ಕೊಟ್ಟಿದ್ದ, ನೆಲ್ಲಿಕಾಯಿ ಬೇರೆ ಕೊಟ್ಟಿದ್ದ. ಊರ ಮಾತೆಲ್ಲ ಆಡೋ ನಾನು ಅವತ್ತೊಂದು ದಿನ ಬಾಯಿ ಬಿಡಲಿಲ್ಲ. ಕೈ ತಟ್ಟಿದೆ. ಆ ನೆಲ್ಲಿಕಾಯಿ ಒಗರು ಇನ್ನೂ ನಾಲಿಗೆ ಮೇಲಿದೆ.

ಮಾರನೇ ಬೆಳಿಗ್ಗೆ.

ಹತ್ತಿರ ಬನ್ನಿ. ಇದನ್ನ ಜೋರಾಗಿ ಹೇಳೋಕಾಗಲ್ಲ.

ಹುಲ್ಲುಬಯಲ ಅಂಚಲ್ಲಿ ಒಂದು ಗೆದ್ದಲ ಹುತ್ತ ಇದೆಯಲ್ಲ, ಅಲ್ಲಿಗೆ ಚಿನ್ನಕ್ಕ ಮರಿಗಳನ್ನ ಕರ್ಕೊಂಡು ಬಂದ್ಲು. ಹಿಂದಿನ ದಿನ ಆಟ ನೋಡಿದಾವೆ, ಇನ್ನು ಭಯ ಇಲ್ಲ ಅಂತ ಅವಳಿಗೂ ಒಂಚೂರು ಧೈರ್ಯ ಬಂದಿತ್ತು. ಅವಳು ಹುತ್ತ ಕೆದಕ್ತಿದ್ಲು. ಮರಿಗಳು ಬಯಲಲ್ಲಿ ಏನನ್ನೋ ಕಂಡು ಅದರ ಹಿಂದೆ ಹೋದ್ವು.

"ಅಮ್ಮಾ, ನಡೆಯೋ ಕಲ್ಲು!" ಅಂತ ಚುಕ್ಕಿ ಕೂಗ್ತು.

ಅದು ಕಲ್ಲಲ್ಲ, ತಿಮ್ಮಜ್ಜಿ. ಐದು ಹಗಲು ಐದು ರಾತ್ರಿ ನಡೆದು ಆಗ ತಾನೇ ಬಂದು ಮುಟ್ಟಿದ್ಲು. ನಾನು ರೆಂಬೆ ಮೇಲಿಂದ "ಅಜ್ಜೀ, ಆಟ ನಿನ್ನೇನೇ ಮುಗೀತು!" ಅಂತ ಕೂಗೋಣ ಅಂತ ಬಾಯಿ ತೆಗೆದೆ.

ಆಗ ನೆರಳು ಬಿತ್ತು.

ಕೊಕ್ಕರೆ ನೆರಳಲ್ಲ. ಬಾಳೆ ಎಲೆ ನೆರಳೂ ಅಲ್ಲ. ಹುಲ್ಲಿನ ಮೇಲೆ ಕಪ್ಪಗೆ, ಸದ್ದೇ ಇಲ್ಲದೆ, ಸುತ್ತು ಹಾಕ್ತಾ ಚಿಕ್ಕದಾಗ್ತಾ ಬಂತು.

"ನೆರಳು! ಮಕ್ಕಳಾ, ನೆರಳು!" ಅಂತ ಚಿನ್ನಕ್ಕ ಕಿರುಚಿದ್ಲು.

ಆ ಮರಿಗಳು ಏನು ಮಾಡಿದ್ವು ಗೊತ್ತಾ? ತಲೆ ಮೇಲೆತ್ತಿ ನೋಡಿದ್ವು. ಮುಖ ಅರಳ್ತು. ನಾಲ್ಕೂ ರೆಕ್ಕೆ ಮೇಲೆತ್ತಿ ಸುತ್ತ ಸುತ್ತ ಕುಣಿಯೋಕೆ ಶುರುಮಾಡಿದ್ವು.

"ಬಂದ ಬಂದ ಹದ್ದಪ್ಪ..."

ಅಯ್ಯೋ, ನನ್ನ ಕಿವೀಲಿ ಇನ್ನೂ ಇದೆ ಆ ಹಾಡು. ನಾನು ಕೂಗ್ಬೇಕು ಅಂದ್ಕೊಂಡೆ. ಬಾಯಿ ತೆರೆದಿತ್ತು, ಧ್ವನಿ ಬರಲಿಲ್ಲ. ಚಿನ್ನಕ್ಕ ಹುತ್ತದಿಂದ ಓಡಿದ್ಲು. ಓಡಿದ್ರೆ ಮುಟ್ಟೋ ದೂರ ಅಲ್ಲ ಅದು.

ತಿಮ್ಮಜ್ಜಿ ಒಂದು ಮಾತೂ ಆಡಲಿಲ್ಲ. ನಿಂತ್ಲು, ಅಷ್ಟೇ. ಎತ್ತಿದ ಕಾಲು ಎತ್ತಿದ ಹಾಗೇ.

ಅವಳ ಮೂತಿ ಎದುರಿಗೇ ಚುಕ್ಕಿ ಕುಣೀತಿತ್ತು. ಇಷ್ಟು ಹೊತ್ತೂ ನಡೀತಿದ್ದ ಕಲ್ಲು ಯಾಕೆ ನಿಂತೋಯ್ತು ಅಂತ ಅದು ಬಗ್ಗಿ ನೋಡ್ತು. ಅಜ್ಜಿ ಕಣ್ಣು ನೋಡ್ತು. ಆ ಕಣ್ಣಲ್ಲಿ ಅದಕ್ಕೆ ಏನು ಕಾಣಿಸ್ತೋ, ನನಗೆ ಗೊತ್ತಿಲ್ಲ. ಹಾಡು ಅರ್ಧಕ್ಕೇ ನಿಂತಿತು. ಎತ್ತಿದ ರೆಕ್ಕೆ ಮಡಚಿಕೊಳ್ತು. ಅಜ್ಜಿ ಚಿಪ್ಪಿನ ಪಕ್ಕ ಮಣ್ಣಿನ ಹೆಂಟೆ ಥರ ಕೂತುಬಿಡ್ತು. ಅದನ್ನ ನೋಡಿ ಎರಡನೇದು. ಆಮೇಲೆ ಮೂರನೇದು, ನಾಲ್ಕನೇದು. ಹುಲ್ಲಲ್ಲಿ ಒಂದು ಕಲ್ಲು, ನಾಲ್ಕು ಹೆಂಟೆ.

ಇಡೀ ಬಯಲಲ್ಲಿ ಅಲ್ಲಾಡ್ತಿದ್ದಿದ್ದು ಒಂದೇ ಒಂದು ಜೀವ. ಚಿನ್ನಕ್ಕ.

ಹದ್ದು ಅವಳ ಮೇಲೆ ಎರಗ್ತು. ಗರಿ ಹಾರಿದ್ದು ಕಂಡೆ, ಧೂಳು ಕಂಡೆ, ಅವಳ ಕೂಗು ಕೇಳ್ದೆ. ಅವಳು ಹೆಂಗೋ ಕೊಸರ್ಕೊಂಡು ಬಯಲ ಅಂಚಿನ ಬಾರೆಮುಳ್ಳಿನ ಪೊದೆ ಒಳಗೆ ನುಗ್ಗಿದ್ಲು. ಹದ್ದಿನ ಉಗುರಲ್ಲಿ ಅವಳ ಬಾಲ ಉಳೀತು. ಪೂರ್ತಿ ಬಾಲ.

ಅದು ಹೋಗಲಿಲ್ಲ ಮಕ್ಕಳೇ. ಮತ್ತೆ ಎದ್ದು ಸುತ್ತು ಹಾಕ್ತು. ಒಂದು ಸುತ್ತು. ಎರಡು ಸುತ್ತು. ಪ್ರತಿ ಸುತ್ತಿಗೂ ನೆರಳು ಆ ನಾಲ್ಕು ಹೆಂಟೆ ಮೇಲೆ ಹಾದು ಹೋಗೋದು. ಚುಕ್ಕಿ ಬೆನ್ನ ಮೇಲೆ ಒಂದು ಗೆದ್ದಲು ಹತ್ತಿ ಕತ್ತಿನವರೆಗೂ ಹರೀತು. ಚುಕ್ಕಿ ಅಲ್ಲಾಡಲಿಲ್ಲ. ಪೊದೆ ಒಳಗಿಂದ ಚಿನ್ನಕ್ಕ ನೋಡ್ತಿದಾಳೆ, ಬಾಯಿ ಬಿಡೋ ಹಾಗಿಲ್ಲ. ಅಜ್ಜಿ ಎತ್ತಿದ ಕಾಲು ನಡುಗ್ತಿದೆ. ಐದು ದಿನ ನಡೆದ ಕಾಲು ಅದು. ಈಗ ಇಟ್ಟುಬಿಡ್ತಾಳೆ, ಈಗ ಇಟ್ಟುಬಿಡ್ತಾಳೆ ಅಂತ ನನಗೆ.

ಇಡಲಿಲ್ಲ.

ಎಷ್ಟು ಹೊತ್ತೋ. ನೆರಳು ಬೆಟ್ಟದ ಕಡೆ ಜಾರಿ ಹೋಯ್ತು. ಅಜ್ಜಿ ಕಾಲು ಕೆಳಗಿಟ್ಲು.

"ಈಗ ಉಸಿರು ಬಿಡಿ," ಅಂದ್ಲು.

ನಾಲ್ಕು ಮರಿಗಳೂ ಒಟ್ಟಿಗೆ ಬಿಟ್ಟ ಉಸಿರು ನನ್ನ ರೆಂಬೆವರೆಗೂ ಕೇಳಿಸ್ತು.

ಚಿನ್ನಕ್ಕ ಪೊದೆಯಿಂದ ಆಚೆ ಬಂದ್ಲು. ಮರಿಗಳನ್ನ ಕೊಕ್ಕಿಂದ ಸವರಿದ್ಲು, ಮತ್ತೆ ಸವರಿದ್ಲು, ಅಜ್ಜಿ ಚಿಪ್ಪಿನ ಮೇಲೆ ತಲೆ ಇಟ್ಟು ಅತ್ತಳು. ಆಮೇಲೆ ಮರದ ಬುಡಕ್ಕೆ ಬಂದು ನನ್ನ ಕೈಲಿ ಆಣೆ ಹಾಕಿಸ್ಕೊಂಡ್ಲು.

"ಜಾನಕ್ಕ, ಬಾಲ ಮುಳ್ಳಿಗೆ ಸಿಕ್ಕಿ ಹೋಯ್ತು ಅಂತ ಹೇಳು. ಆಟ ಆಡಿಸಿದ್ದು ನಾನೇ. ನಿನ್ನೆ ಆಟ ಮುಗಿದ ಮೇಲೆ ಎಲ್ಲರ ಎದುರಿಗೆ ರಂಗಪ್ಪಣ್ಣನಿಗೆ ಹಾರ ಹಾಕಿದ್ದೂ ನಾನೇ. ಈಗ ಹೋಗಿ 'ನಿನ್ನ ಆಟದಿಂದ ನನ್ನ ಮಕ್ಕಳು ಸಾಯ್ತಿದ್ವು' ಅಂತ ಹೇಳಿದ್ರೆ ಅವನು ಮುನಿಸ್ಕೊಳ್ತಾನೆ. ನಾಳೆ ಚಿರತೆ ಬಂದಾಗ ಕೂಗದೆ ಹೋದ್ರೆ?"

"ಚಿನ್ನಕ್ಕ, ಅವನು ಹಂಗೆ ಮಾಡೋನಲ್ಲ."

"ಮಾಡಿದ್ರೆ?"

ನಾನು ಬಾಲ ಮುಟ್ಟಿದೆ.

ತಿಮ್ಮಜ್ಜಿ ಮಾತ್ರ ಆಣೆಗೀಣೆ ಮಾಡಲಿಲ್ಲ. "ನಾನೇ ಹೋಗಿ ಅವನ ಹತ್ರ ಮಾತಾಡ್ತೀನಿ. ಆಟ ಆಡ್ಲಿ, ಬೇಡ ಅನ್ನಲ್ಲ. ನಿಲ್ಲೋದು ಯಾಕೆ ಅಂತ ಅವನಿಗೆ ಹೇಳ್ತೀನಿ. ಅವನು ಅದನ್ನ ಕೇಳೇ ಇಲ್ಲ," ಅಂದು ಆಲದ ಮರದ ಕಡೆ ಹೊರಟ್ಲು. ಇವತ್ತಿಗೆ ಮೂರು ದಿನ ಆಯ್ತು. ಬೆಳಿಗ್ಗೆ ಹತ್ತಿ ನೋಡ್ದೆ. ಇನ್ನೂ ಅರ್ಧದಾರಿಯ ಹಲಸಿನ ಮರ ದಾಟಿಲ್ಲ.

ಪುಟ್ಟರಂಗಪ್ಪನಿಗೆ ಇದೇನೂ ಗೊತ್ತಿಲ್ಲ. ಮೊದಲ ದಿನ ಜಾಗ ಸಾಲಲಿಲ್ಲ, ಎರಡನೇ ಆಟ ಬಯಲಲ್ಲಿ ಮಾಡ್ತೀನಿ ಅಂತ ಡಂಗುರ ಹೊಡೆಸಿದಾನೆ. ನಿಮ್ಮನ್ನೆಲ್ಲ ಬಯಲಲ್ಲಿ ಕೂರಿಸಿ ಆ ಹಾಡು ಹೇಳ್ಕೊಡ್ತಾನೆ. ಬಯಲು ಮೇಲಿಂದ ಎಷ್ಟು ಚೆನ್ನಾಗಿ ಕಾಣುತ್ತೆ ಅಂತ ಅವನಿಗೆ ಹೆಂಗೆ ಗೊತ್ತಾಗ್ಬೇಕು?

ಅದಕ್ಕೇ ಹೇಳ್ದೆ. ಅವತ್ತು ಕೈ ತಟ್ಟಿದ ತಪ್ಪಿಗೆ ಇವತ್ತು ಆಣೆ ಮುರಿದಿದೀನಿ. ಬಾಲ ಉದುರಿದ್ರೆ ಉದುರ್ಲಿ.

ಈಗ ಹೇಳಿ. ನೆರಳು ಬಿದ್ರೆ ಏನು ಮಾಡ್ತೀರಾ? ಎಲ್ಲಿ, ಒಂದ್ಸಲ ಮಾಡಿ ನೋಡೋಣ. ನಾನೇ ತಿಮ್ಮಜ್ಜಿ. ನಡೀತಿದೀನಿ. ಹತ್ತೇ ಹೆಜ್ಜೆ ಕಂದಾ. ನೆರಳು ಬಂತು. ನಿಂತೆ...

ಏ, ಯಾರದು ಸೀನಿದ್ದು? ಮೊಲದ ಮರಿ, ನಿನ್ನ ಕಿವಿ! ಥೂ, ನಾನೇ ಮಾತಾಡ್ಬಿಟ್ಟೆ ನೋಡಿ. ಮೂರು ಉಸಿರು ಸುಮ್ನಿರೋಕೂ ಆಗಲಿಲ್ಲ. ತಿಮ್ಮಜ್ಜಿ ಥರ ಕಾಲು ಎತ್ತಿದ್ರೆ ಆಯ್ತಾ? ಒಳಗೆ ಏನಾದ್ರೂ ನಡುಗ್ಬೇಕಲ್ಲ. ಇನ್ನೊಂದು ಸಲ ಮಾಡೋಣ. ಈ ಸಲ ನಾನು ಆ ಬೆಳಿಗ್ಗೆ ನೆನೆಸ್ಕೊಳ್ತೀನಿ, ಆ ನಾಲ್ಕು ಹೆಂಟೆ. ನೀವು ನಿಮ್ಮಮ್ಮನ ಮುಖ ನೆನೆಸ್ಕೊಳ್ಳಿ, ಪೊದೆ ಒಳಗಿಂದ ನಿಮ್ಮನ್ನೇ ನೋಡ್ತಿರೋ...

ತಡೀರಿ.

ಪೊಟರೇಲಿ ಬೆಳಕು ಹೋಯ್ತು. ಬಾಗಿಲ ಹತ್ರ ಯಾರೋ ಬಂದ್ರು. ನೆರಳು ಒಳಗೆ ಬೀಳ್ತಿದೆ, ನಿಮ್ಮ ಮೇಲೇ.

ಬಾಲ ಕಾಣಿಸ್ತಿಲ್ಲ... ಚಿನ್ನಕ್ಕನೇ ಇರ್ಬೇಕು. ಆಣೆ ಮುರಿದಿದ್ದು ಪೂರ್ತಿ ಕೇಳಿಸ್ಕೊಂಡ್ಲೋ ಏನೋ. ಅವಳಲ್ಲದೆ ಹದ್ದೇ ಆಗಿದ್ರೆ...

ಅಯ್ಯೋ ನನ್ನ ಕಂದಮ್ಮಗಳಾ. ಹೇಳದೇನೇ ಒಬ್ರೂ ಅಲ್ಲಾಡ್ತಿಲ್ಲ. ಮೊಲದ ಕಿವಿ ಕೂಡ. ಹಂಗೇ ಇರಿ. ನಾನು ಹೇಳೋವರೆಗೂ ಉಸಿರು...

ನೀತಿ: ಇನ್ನೊಬ್ಬರ ಆಟವನ್ನು ಮತ್ತೆ ಆಡಹೊರಟವರು ಅದರ ಮಾತು ಕಲಿಯುವ ಮೊದಲು, ಆ ಆಟ ಯಾವ ನೋವಿನಿಂದ ಹುಟ್ಟಿತು ಅಂತ ಹೋಗಿ ಕೇಳಿಕೊಂಡು ಬರಬೇಕು.